ಅಮೇರಿಕಾದ ಸ್ಮಾರಕ ರೌಪ್ಯನಾಣ್ಯಗಳೂ ಅವುಗಳ ತಾರತಮ್ಯಪರೀಕ್ಷೆಯೂ

ನಾಣ್ಯವು ವ್ಯವಹಾರಕ್ಕಾಗಿ ಹುಟ್ಟಿದುದು. ಕೈಯಿಂದ ಕೈಗೆ ಸಾಗಿ ಸವೆಯುವುದು ಅದರ ಧರ್ಮ. ಸ್ಮಾರಕವಾದರೋ ಸವೆಯದೆ ನಿಲ್ಲಬೇಕಾದುದು. ಈ ಎರಡು ವಿರುದ್ಧಧರ್ಮಗಳೂ ಒಂದೇ ವಸ್ತುವಿನಲ್ಲಿ ಕೂಡಿರುವುದಕ್ಕೆ ಅಮೇರಿಕಾ ಸಂಯುಕ್ತಸಂಸ್ಥಾನಗಳಲ್ಲಿ ೧೮೯೨ರಿಂದ ೧೯೫೪ರ ವರೆಗೆ ಹೊರಟ ಸ್ಮಾರಕ ರೌಪ್ಯನಾಣ್ಯಗಳು ಉತ್ತಮವಾದ ನಿದರ್ಶನ. ಸಂಗ್ರಾಹಕರು ಇವುಗಳಿಗೆ ಕಟ್ಟುವ ದರ್ಜೆಯನ್ನು ಬೆಲೆಯ ಮಾತೆಂದು ಉಪೇಕ್ಷಿಸುವುದುಂಟು. ವಸ್ತುತಃ ಅದು ನಾಣ್ಯದ ಚರಿತ್ರೆಯನ್ನು ಓದುವ ಒಂದು ಕ್ರಮವಾಗಿರುವುದು. ಆ ಕ್ರಮದ ಗುಣವನ್ನೂ ಮಿತಿಯನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಪರಂಪರೆಯಲ್ಲಿ ಮೊದಲನೆಯದು ಕೊಲಂಬಸನ ಅರ್ಧ ಡಾಲರು. ಅವನ ಸಮುದ್ರಯಾತ್ರೆಯ ನಾನೂರನೆಯ ವರ್ಷದ ಸ್ಮರಣಾರ್ಥವಾಗಿ ೧೮೯೩ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಜಾಗತಿಕ ಪ್ರದರ್ಶನದ ವೆಚ್ಚಕ್ಕೆ ನೆರವಾಗಲೆಂದು ಇದನ್ನು ಅಚ್ಚೊತ್ತಿದರು. ಸಾವಿರಕ್ಕೆ ೯೦೦ ಭಾಗ ಬೆಳ್ಳಿ, ಉಳಿದುದು ತಾಮ್ರ, ತೂಕ ೧೨.೫ ಗ್ರಾಂ. ಮುಂಬದಿಯಲ್ಲಿ ಚಾರ್ಲ್ಸ್ ಬಾರ್ಬರನು ರಚಿಸಿದ ಕೊಲಂಬಸನ ಮುಖ; ಹಿಂಬದಿಯಲ್ಲಿ ಜಾರ್ಜ್ ಮಾರ್ಗನ್ನನು ರಚಿಸಿದ ನೌಕೆ, ಅದರ ಕೆಳಗೆ ಎರಡು ಭೂಗೋಲಾರ್ಧಗಳು. ಅರ್ಧ ಡಾಲರಿನ ಈ ನಾಣ್ಯವನ್ನು ಒಂದು ಡಾಲರಿಗೆ ಮಾರಿದರು. ೧೮೯೨ರ ಅಂಕಿತವುಳ್ಳವು ೯,೫೦,೦೦೦. ಮರುವರ್ಷದವು ಅದಕ್ಕಿಂತಲೂ ಹೆಚ್ಚು. ಜನರು ಅಷ್ಟನ್ನು ಕೊಳ್ಳಲಿಲ್ಲ. ಉಳಿದವುಗಳಲ್ಲಿ ಕೆಲವು ಕುಲುಮೆಯನ್ನು ಸೇರಿದವು; ಅನೇಕ ನಾಣ್ಯಗಳು ಮುಖಬೆಲೆಗೇ ಚಲಾವಣೆಗೆ ಇಳಿದವು. ಸ್ಮಾರಕವು ಹೀಗೆ ಪುನಃ ಹಣವಾಯಿತು.

ಅದೇ ಪ್ರದರ್ಶನದ ಸ್ತ್ರೀಸಮಿತಿಯ ಕೋರಿಕೆಯಂತೆ ಸ್ಪೇನಿನ ರಾಣಿ ಇಸಬೆಲ್ಲಳ ಮುಖವುಳ್ಳ ಕಾಲು ಡಾಲರುಗಳು ೧೮೯೩ರಲ್ಲಿ ೪೦,೦೦೦ ಹೊರಟವು. ಅವುಗಳಲ್ಲಿಯೂ ೧೫,೦೦೦ಕ್ಕೆ ಮೇಲ್ಪಟ್ಟು ಕರಗಿಹೋದವು. ಮೂರನೆಯದಾದ ಲಾಫಯೆಟ್ ಡಾಲರಿನ ಮೇಲೆ ೧೯೦೦ ಎಂಬ ವರ್ಷವಿದೆ. ಆದರೆ ಆ ನಾಣ್ಯಗಳನ್ನು ಅಚ್ಚೊತ್ತಿದುದು ಜಾರ್ಜ್ ವಾಷಿಂಗ್ಟನ್ನನು ಮೃತನಾಗಿ ನೂರು ವರ್ಷ ತುಂಬಿದ ದಿನ, ಎಂದರೆ ೧೮೯೯ನೆಯ ಡಿಸೆಂಬರ್ ೧೪ರಂದು. ನಾಣ್ಯದ ಮೇಲಿನ ಅಂಕವನ್ನೇ ಪ್ರಮಾಣವೆಂದು ಹಿಡಿಯುವವನು ಇಲ್ಲಿ ಮೋಸಹೋಗುವನು.

೧೯೩೦ರ ದಶಕದಲ್ಲಿ ಸ್ಮರಣೆಗಿಂತ ಲಾಭವೇ ಮುಂದಾಯಿತು. ಡೇನಿಯಲ್ ಬೂನನ ಅರ್ಧ ಡಾಲರು ೧೯೩೪ರಿಂದ ೧೯೩೮ರ ವರೆಗೆ ವರ್ಷವರ್ಷವೂ ಬಂದಿತು. ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಗಳ ಭೇದದಿಂದ ಒಂದೇ ನಾಣ್ಯವು ಬಹುವಾಯಿತು. ೧೯೩೬ರ ಸಿನ್ಸಿನಾಟಿ ನಾಣ್ಯವು ಇನ್ನೂ ವಿಚಿತ್ರವಾದುದು. ಆ ನಗರವು ೧೮೮೬ರಿಂದ ಸಂಗೀತಕೇಂದ್ರವಾಗಿ ಐವತ್ತು ವರ್ಷವಾಯಿತೆಂದು ಸಾರುವ ಅದರ ಮೇಲೆ, ೧೮೬೪ರಲ್ಲಿಯೇ ಮೃತನಾದ ಗೀತಕಾರ ಸ್ಟೀಫನ್ ಫಾಸ್ಟರನ ಮುಖವಿದೆ! ಹೊರಟವು ಸುಮಾರು ೧೫,೦೦೦ ಮಾತ್ರ. ಇಂತಹ ವಿರಳತೆಯು ಕಾಲದಿಂದ ಬಂದುದಲ್ಲ, ಕೃತಕವಾದುದು. ೧೯೩೯ರ ಶಾಸನವು ಹಳೆಯ ಅನುಮತಿಗಳನ್ನೆಲ್ಲ ನಿಲ್ಲಿಸಿತು. ೧೯೪೬ರಲ್ಲಿ ಮತ್ತೆ ಮೊದಲಾದ ಅಚ್ಚೊತ್ತುವಿಕೆಯು ೧೯೫೪ರಲ್ಲಿ ಮುಗಿಯಿತು. ಆಮೇಲೆ ೧೯೮೨ರ ವರೆಗೆ ಸ್ಮಾರಕನಾಣ್ಯದ ಹೊಸ ಮಾಲಿಕೆಯಿಲ್ಲ.

ಇನ್ನು ದರ್ಜೆಯ ವಿಷಯ. ೧೯೪೯ರಲ್ಲಿ ವಿಲಿಯಂ ಷೆಲ್ಡನ್ನನು ಹಳೆಯ ತಾಮ್ರದ ಸೆಂಟುಗಳ ಬೆಲೆಯನ್ನು ಗೊತ್ತುಮಾಡುವುದಕ್ಕಾಗಿ ೧ರಿಂದ ೭೦ರ ವರೆಗಿನ ಅಂಕಕ್ರಮವನ್ನು ಏರ್ಪಡಿಸಿದನು. ಕಾಲಕ್ರಮದಲ್ಲಿ ಅದು ಬೆಳ್ಳಿಯ ನಾಣ್ಯಗಳಿಗೂ ಹಬ್ಬಿತು. ೧೯೮೬ರಿಂದೀಚೆಗೆ ಪರೀಕ್ಷಕಸಂಸ್ಥೆಗಳು ದರ್ಜೆಯನ್ನು ಬರೆದು, ನಾಣ್ಯವನ್ನು ಪಾರದರ್ಶಕವಾದ ಕರಂಡದಲ್ಲಿ ಮುದ್ರಿಸಿ ಕೊಡುತ್ತಿವೆ. ೬೦ರಿಂದ ಮೇಲಿನವು ಚಲಾವಣೆಯಿಂದ ಸವೆಯದವು. ಅವುಗಳ ತಾರತಮ್ಯವು ಗಾಯದ ಗುರುತು, ಕಾಂತಿ, ಅಚ್ಚಿನ ಸ್ಪಷ್ಟತೆ, ನೋಟದ ಸೊಗಸು ಎಂಬ ನಾಲ್ಕನ್ನು ಅವಲಂಬಿಸಿರುವುದು.

ಪರೀಕ್ಷಕನಿಗೆ ಅತಿಕಷ್ಟವಾದುದು ಜನ್ಮದೋಷವನ್ನೂ ಸವೆತವನ್ನೂ ಬೇರೆಮಾಡುವುದು. ಓಲೆಯಲ್ಲಿ ಒಂದು ಅಕ್ಷರವಿಲ್ಲದಿದ್ದರೆ, ಲಿಪಿಕಾರನು ಬಿಟ್ಟನೋ ಹುಳು ತಿಂದಿತೋ ಎಂದು ವಿಚಾರಿಸುವಂತೆಯೇ ಇದು. ಸ್ವಾತಂತ್ರ್ಯದ ನೂರೈವತ್ತನೆಯ ವರ್ಷಕ್ಕೆಂದು ೧೯೨೬ರಲ್ಲಿ ಹೊರಟ ಅರ್ಧ ಡಾಲರಿನ ಉಬ್ಬು ಬಹಳ ತಗ್ಗು. ಹೊಸದಾಗಿದ್ದಾಗಲೇ ಅದರ ರೂಪರೇಖೆಗಳು ಮಸುಕು. ಇಂತಹ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಬೇಕು. ಗಾಲಿಯ ಅರಗಳಂತೆ ಸುತ್ತುವ ಬೆಳಕು ಉಬ್ಬಿನ ಮೇಲೆಯೂ ಕಡಿಯದೆ ಹರಿದರೆ ಅಚ್ಚು ಸೋತಿತೆಂದು ತಿಳಿಯಬೇಕು. ಅಲ್ಲಿ ಮಂಕಾದ ಬೂದುಬಣ್ಣ ಕಂಡರೆ ಅದು ಸವೆತ.

ಸವೆತಕ್ಕಿಂತಲೂ ದೊಡ್ಡ ಹಾನಿ ತೊಳೆಯುವುದರಿಂದ ಬರುವುದು. ಆ ಕಾಂತಿಯು, ಅಚ್ಚಿನ ಒತ್ತಡದಿಂದ ಲೋಹವು ಹರಿದ ಸೂಕ್ಷ್ಮರೇಖೆಗಳಿಂದಾದುದು. ಆಮ್ಲದ್ರವದಲ್ಲಿ ಅದ್ದಿದಾಗಲೆಲ್ಲ ಅವು ಅಷ್ಟಷ್ಟು ಅಳಿಯುವುವು. ಹಳೆಯ ರಟ್ಟಿನ ಗಂಧಕಾಂಶದಿಂದ ಬೆಳ್ಳಿಯ ಮೇಲೆ ಮೂಡಿದ ಬಣ್ಣವನ್ನು ಕೊಳೆಯೆಂದು ತೆಗೆಯುವವನು, ಪ್ರಾಚೀನಪಾಠವನ್ನು ತನಗೆ ತೋರಿದಂತೆ ತಿದ್ದುವ ಸಂಪಾದಕನಿಗೆ ಸಮಾನ. ತಿದ್ದಿದ ಮೇಲೆ ಮೂಲವು ಎಲ್ಲಿಂದ ಬಂದೀತು?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿಯು, ವ್ಯವಹಾರಕ್ಕೂ ರಾಜಕೋಶಕ್ಕೂ ಸಲ್ಲತಕ್ಕ ನಾಣ್ಯಗಳನ್ನು ವ್ಯವಸ್ಥೆಗೊಳಿಸುವನು. ಈ ದರ್ಜೆಗಾರನ ಪ್ರಶ್ನೆ ಅದಕ್ಕೆ ವಿಪರೀತವಾದುದು: ನಾಣ್ಯವು ವ್ಯವಹಾರವನ್ನು ಎಷ್ಟುಮಟ್ಟಿಗೆ ತಪ್ಪಿಸಿಕೊಂಡಿದೆ ಎಂಬುದು. ಆದುದರಿಂದ ಅವನ ಅಂಕವು ರಕ್ಷಣೆಯ ಪ್ರಮಾಣವೇ ಹೊರತು ಮಹತ್ತ್ವದ ಪ್ರಮಾಣವಲ್ಲ. ೧೮೯೩ರಲ್ಲಿ ಅಮೇರಿಕಾದಲ್ಲಿ ಘೋರವಾದ ಆರ್ಥಿಕ ಮುಗ್ಗಟ್ಟು ತಲೆದೋರಿದ್ದಿತು. ಆ ವರ್ಷದ ಅಂಕಿತವಿದ್ದು, ಹುಬ್ಬೂ ಕೆನ್ನೆಯೂ ಸವೆದ ಕೊಲಂಬಸನ ನಾಣ್ಯಕ್ಕೆ ಸಂಗ್ರಾಹಕನು ಕಡಮೆ ಬೆಲೆ ಕಟ್ಟಲಿ. ಉತ್ಸವದ ಬೆಳ್ಳಿಯು ಜನರ ದಿನಬಳಕೆಗೆ ಒದಗಿದುದಕ್ಕೆ ಸಾಕ್ಷಿ ಹೇಳತಕ್ಕುದು ಅದೇ. ಚರಿತ್ರಕಾರನ ಪೆಟ್ಟಿಗೆಯಲ್ಲಿ ಅದಕ್ಕೂ ಸ್ಥಾನವಿರಬೇಕು.