ಗಿಟಾರ್ ಪಕ್ಕ ಘಟ: ‘ಶಕ್ತಿ’ ತಂಡದ ಕಥೆ

ಕಿವಿಗಡಚಿಕ್ಕುವ ಎಲೆಕ್ಟ್ರಿಕ್ ಗಿಟಾರ್‌ನಿಂದ ಹೆಸರಾಗಿದ್ದ ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದ ಮಧ್ಯದಲ್ಲಿ ಅದನ್ನು ಬದಿಗಿಟ್ಟು, ಮರದ ಗಿಟಾರ್ ಹಿಡಿದು ಚಕ್ಕಳಮಕ್ಕಳ ಹಾಕಿ ಕೂತರು. ಪಕ್ಕದಲ್ಲಿ ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ಅದೇ ‘ಶಕ್ತಿ’. ಉತ್ತರಾದಿ ತಬಲಾ, ನಮ್ಮ ಕಡೆಯ ಘಟ ಒಂದೇ ಜಮಖಾನದ ಮೇಲೆ ಕೂರುವುದು ಆಗ ಅಪರೂಪ. ನಮಗೆ ಗಿಟಾರ್‌ಗಿಂತ ಅದೇ ದೊಡ್ಡ ಸಂಗತಿ. ಸುಟ್ಟ ಮಣ್ಣಿನ ಮಡಕೆ ಅಮೆರಿಕದ ವೇದಿಕೆಗಳಲ್ಲಿ ತಬಲಾಕ್ಕೆ ಸರಿಸಮ ಸವಾಲು ಹಾಕಿತು!

ಮೂರು ಆಲ್ಬಂ ಬಂದವು. 1978ರ ಹೊತ್ತಿಗೆ ತಂಡ ನಿಂತೇಹೋಯಿತು.

1997ರಲ್ಲಿ ‘ರಿಮೆಂಬರ್ ಶಕ್ತಿ’ ಎಂದು ಮರುಹುಟ್ಟು. ಮುಂದೆ ವಿಕ್ಕು ಅವರ ಜಾಗಕ್ಕೆ ಮಗ ಸೆಲ್ವಗಣೇಶ್ ಬಂದರು, ಮ್ಯಾಂಡೊಲಿನ್ ಶ್ರೀನಿವಾಸ್ ಸೇರಿದರು. ಶ್ರೀನಿವಾಸ್ 2014ರಲ್ಲಿ 45ನೇ ವಯಸ್ಸಿಗೇ ತೀರಿಕೊಂಡರು. ತಂಡಕ್ಕೆ ಗ್ರ್ಯಾಮಿ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಅದೇ ಡಿಸೆಂಬರ್‌ನಲ್ಲಿ ಜಾಕಿರ್ ಹೊರಟುಹೋದರು.