ಹಳೇ ಕಾರಿನ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಹೊಸ ಕಾರುಗಳ ನಡುವೆ ಮಾರುತಿ 800, ಜೆನ್, ಹಳೇ ಸ್ಯಾಂಟ್ರೊಗಳು ಇನ್ನೂ ಕಾಣಸಿಗುತ್ತವೆ. 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದರ ಕಟ್ಟಕಡೆಯ ಕಾರಿನ ವೈರಿಂಗ್‌ಗೂ ಹತ್ತು ವರ್ಷ ದಾಟಿದೆ. ಇಂಥ ಕಾರಿನಲ್ಲಿ ಒಂದೇ ಫ್ಯೂಸ್ ಮತ್ತೆ ಮತ್ತೆ ಸುಟ್ಟರೆ ತಪ್ಪು ಫ್ಯೂಸಿನದಲ್ಲ. ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ, ಇಲ್ಲವೇ ಆ ಲೈನಿನ ಮೇಲೆ ಹೊರಲಾರದಷ್ಟು ಲೋಡ್ ಬಿದ್ದಿದೆ.

ಸುಟ್ಟ ಫ್ಯೂಸನ್ನು ಎಸೆಯಬೇಡಿ

ಕಿತ್ತ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಕಪ್ಪು ಮಸಿ ಹಿಡಿದು ಲೋಹ ಸಿಡಿದಿದ್ದರೆ ಬಹುಪಾಲು ನೇರ ಶಾರ್ಟ್. ಪ್ಲಾಸ್ಟಿಕ್ ಸ್ವಚ್ಛವಾಗಿದ್ದು ನಡುವೆ ಮಾತ್ರ ಸಣ್ಣಗೆ ಕರಗಿದ್ದರೆ ಓವರ್‌ಲೋಡ್. ತಂತಿ ಗಟ್ಟಿಯಾಗಿದ್ದು ಪ್ಲಾಸ್ಟಿಕ್ಕೇ ಕರಗಿದ್ದರೆ ಫ್ಯೂಸ್ ಕೂರುವ ಜಾಗ ಸಡಿಲವಾಗಿದೆ.

ಯಾವಾಗ ಹೋಗುತ್ತದೆ?

ಸ್ವಿಚ್ ಹಾಕಿದ ತಕ್ಷಣವೋ, ಬ್ರೇಕ್ ತುಳಿದಾಗಲೋ, ರಿವರ್ಸ್ ಹಾಕಿದಾಗಲೋ? ಆ ಕ್ಷಣವೇ ಸರ್ಕ್ಯೂಟ್ ಯಾವುದೆಂದು ಹೇಳಿಬಿಡುತ್ತದೆ. ಗುಂಡಿ ಹಾರಿದಾಗ ಮಾತ್ರ ಹೋದರೆ ಸವೆದ ವೈರ್ ಅಲುಗಾಡಿ ಬಾಡಿಗೆ ತಾಗುತ್ತಿರಬೇಕು. ಐದಾರು ನಿಮಿಷ ಓಡಿದ ಮೇಲೆ ಹೋದರೆ ಬಿಗಿಯಾದ ವೈಪರ್ ಅಥವಾ ಬ್ಲೋವರ್ ಮೋಟಾರ್ ನೋಡಿ.

ಬಲ್ಬ್ ಪರೀಕ್ಷೆ

ಪ್ರತಿ ಸಲ ಹೊಸ ಫ್ಯೂಸ್ ಸುಟ್ಟು ಹುಡುಕುವುದು ದಂಡ. 12 ವೋಲ್ಟ್, 21 ವಾಟ್‌ನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಜೋಡಿಸಿ ಫ್ಯೂಸ್ ಜಾಗದಲ್ಲಿ ಸಿಕ್ಕಿಸಿ. ಅದು ಎರಡು ಆಂಪಿಯರ್‌ನೊಳಗೇ ಕರೆಂಟ್ ಹಿಡಿದಿಡುವುದರಿಂದ ಶಾರ್ಟ್ ಇದ್ದರೂ ವೈರ್ ಸುಡುವುದಿಲ್ಲ. ಮೊದಲು ಆ ಲೈನಿನ ಬಲ್ಬು, ಮೋಟಾರುಗಳನ್ನೆಲ್ಲ ಕಳಚಬೇಕು. ಹೆಡ್‌ಲೈಟ್ ಹಾಗೇ ಉಳಿದರೆ ಪರೀಕ್ಷೆಯ ಬಲ್ಬ್ ಅದರಿಂದಲೇ ಉರಿದು ದಾರಿ ತಪ್ಪಿಸುತ್ತದೆ. ಎಲ್ಲ ಕಳಚಿ, ಕೀ ತಿರುಗಿಸಿ, ಸ್ವಿಚ್ ಹಾಕಿದಾಗಲೂ ಪ್ರಖರವಾಗಿ ಉರಿದರೆ ಶಾರ್ಟ್ ಇರುವುದು ವೈರಿಂಗ್‌ನಲ್ಲೇ. ಒಬ್ಬರು ಬಲ್ಬ್ ನೋಡುತ್ತಿರಲಿ, ಇನ್ನೊಬ್ಬರು ವೈರಿನ ಕಟ್ಟನ್ನು ಸ್ವಲ್ಪ ಸ್ವಲ್ಪವೇ ಅಲುಗಾಡಿಸುತ್ತ ಹೋಗಲಿ. ಬಲ್ಬ್ ಮಿಣುಕಿದ ಕಡೆ ಟೇಪ್ ಬಿಚ್ಚಿ. ಅಲುಗಾಡಿಸಿದರೂ ಉರಿಯದಿದ್ದರೆ ಅನುಮಾನ ಕಳಚಿಟ್ಟ ಮೋಟಾರು, ಹೋಲ್ಡರ್‌ಗಳ ಮೇಲೆ. ಏರ್‌ಬ್ಯಾಗ್ ಮತ್ತು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಫ್ಯೂಸುಗಳಲ್ಲಿ ಮಾತ್ರ ಈ ಪರೀಕ್ಷೆ ಬೇಡವೇ ಬೇಡ.

ಇಲ್ಲಿ ಮೊದಲು ನೋಡಬೇಕಾದ ಜಾಗಗಳು

ಡಿಕ್ಕಿ ಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ವೈರುಗಳು ಮಡಚಿ ಮಡಚಿ ಸಿಪ್ಪೆ ಬಿರಿದಿರುತ್ತವೆ. ವಾರಗಟ್ಟಲೆ ನೆಲಮಾಳಿಗೆಯಲ್ಲೇ ನಿಂತ ಕಾರಿನಲ್ಲಿ ಬಾನೆಟ್ ಎತ್ತಿ, ಇಲಿ ಕಡಿದ ಗುರುತು ಹುಡುಕಿ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ ವಲಯದ ಹಲವು ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದವು. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಕಾರ್ಪೆಟ್ ಕೆಳಗಿನ ಕಪ್ಲರ್‌ಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ರಿಲೇ ಇಲ್ಲದೆ ಸೇರಿಸಿದ ಫಾಗ್ ಲ್ಯಾಂಪ್, ಸ್ಟೀರಿಯೊಗಳಂತೂ ಮೊದಲ ಆರೋಪಿಗಳು.

ದೊಡ್ಡ ಫ್ಯೂಸ್ ಹಾಕಬಾರದು

ಬ್ಲೇಡ್ ಫ್ಯೂಸಿನಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಹೆಡ್‌ಲೈಟಿನ ಎರಡು 60 ವಾಟ್ ಬಲ್ಬು ಸುಮಾರು 10 ಆಂಪಿಯರ್ ಎಳೆದರೆ, 100 ವಾಟ್‌ನವು 16 ದಾಟುತ್ತವೆ. ಆಗ ಫ್ಯೂಸ್ ಹೋಗುವುದು ಸರಿಯೇ. ಕೆಂಪಿನ ಜಾಗಕ್ಕೆ ಹಸಿರು ಹಾಕಿದರೆ, ಅಥವಾ ತಾಮ್ರದ ಎಳೆ ಸುತ್ತಿದರೆ, ಫ್ಯೂಸಿನ ಬದಲು ವೈರೇ ಸುಟ್ಟು ಡ್ಯಾಶ್‌ಬೋರ್ಡ್‌ನೊಳಗೆ ಬೆಂಕಿ ಏಳುತ್ತದೆ.

ನಿಮ್ಮ ಕೈಗೆ ಸಿಗದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗಿ. ಹೋಗುವಾಗ ಸುಟ್ಟ ಫ್ಯೂಸನ್ನೂ ಒಯ್ಯಿರಿ, ಅದು ಯಾವ ಹೊತ್ತಿಗೆ ಹೋಯಿತೆಂದು ತಪ್ಪದೆ ಹೇಳಿ.