ಗಾಲಿ ಮೊದಲೋ ಸ್ವಿಚ್ಚು ಮೊದಲೋ: ಎಣಿಕೆಯ ಸಾಧನಗಳಲ್ಲಿ ಅಯಸ್ಕಾಂತದ ಸ್ಥಾನ

ವಡೋದರಾ ನಗರದ ದಕ್ಷಿಣಕ್ಕಿರುವ ಮಂಜಲ್‌ಪುರದ ಮನೆಗಳಿಗೆ ಗ್ಯಾಸ್ ಮೀಟರು ಹೊಸ ವಸ್ತುವಲ್ಲ. 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಸಿಕ್ಕಿದ ಮೇಲೆ ಈ ಸೀಮೆಯ ನೈಸರ್ಗಿಕ ಅನಿಲಕ್ಕೆ ಬಳಕೆ ಹುಡುಕುವ ಕೆಲಸ ಶುರುವಾಯಿತು. 1972ರಲ್ಲಿ ವಡೋದರಾದ ನಗರಪಾಲಿಕೆ ಅದನ್ನು ಕೊಳವೆಯಲ್ಲಿ ಅಡುಗೆಮನೆಗಳಿಗೇ ಹಾಯಿಸತೊಡಗಿತು. ದೇಶದ ಬಹುಪಾಲು ನಗರಗಳಲ್ಲಿ ಜನ ಸಿಲಿಂಡರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಪಾಲಿಕೆಯೂ ಗೇಲ್ ಬಳಗವೂ ಸೇರಿ 2013ರಲ್ಲಿ ಕಟ್ಟಿದ ವಡೋದರಾ ಗ್ಯಾಸ್ ಲಿಮಿಟೆಡ್ ಈಗ ಆ ಹೊಣೆ ಹೊತ್ತಿದೆ. ಮಂಜಲ್‌ಪುರದ ಮಗ್ಗುಲಲ್ಲೇ ಮಕರಪುರಾ ಕೈಗಾರಿಕಾ ವಸಾಹತು ಇದೆ. 1974ರಲ್ಲಿ ಸ್ಥಾಪನೆಯಾದ, ವಿದ್ಯುತ್ ಮೀಟರುಗಳನ್ನೂ ಇತರ ಉಪಕರಣಗಳನ್ನೂ ಪರೀಕ್ಷೆಗೊಳಪಡಿಸುವ ಎರ್ಡಾ ಸಂಸ್ಥೆ ಅಲ್ಲಿದೆ. ಹೀಗಾಗಿ ಅನಿಲ ಅಳೆಯುವ ಮೀಟರು ಮತ್ತು ಮೀಟರನ್ನೇ ಅಳೆಯುವ ಪ್ರಯೋಗಾಲಯ ಇಲ್ಲಿ ನೆರೆಹೊರೆಯಲ್ಲಿವೆ. ಈ ಲೇಖನದ ಪ್ರಶ್ನೆಗೆ ಇದಕ್ಕಿಂತ ತಕ್ಕ ಜಾಗ ಸಿಗಲಾರದು.

ಪ್ರಶ್ನೆ ಇದು. ಮೀಟರಿನ ಮುಖದಲ್ಲಿ ಅಂಕಿಗಳ ಗಾಲಿಗಳು ತಿರುಗುತ್ತವೆ. ಅದೇ ಮೀಟರಿನ ಪಕ್ಕದಲ್ಲಿ ಒಂದು ಚಿಕ್ಕ ಸ್ವಿಚ್ಚು ಅಯಸ್ಕಾಂತದ ಸೆಳೆತಕ್ಕೆ ಮುಚ್ಚಿ ತೆರೆದು ದೂರದ ಕಚೇರಿಗೆ ಪಲ್ಸ್ ಕಳಿಸುತ್ತದೆ. ಎರಡೂ ಲೆಕ್ಕ ಹೊಂದದಿದ್ದಾಗ ಯಾವುದನ್ನು ನಂಬಬೇಕು? ಗಾಲಿ ಹಳೆಯದು, ಆದ್ದರಿಂದ ದೊಡ್ಡದು ಎಂಬ ಉತ್ತರ ಸಾಲದು. ವಿದ್ಯುನ್ಮಾನ ಹೊಸದು, ಆದ್ದರಿಂದ ನಿಖರ ಎಂಬುದೂ ಸಾಲದು. ಯಂತ್ರದೊಳಗೆ ಇವೆರಡೂ ಯಾವ ಕ್ರಮದಲ್ಲಿ ನಿಂತಿವೆ ಎಂಬುದನ್ನು ನೋಡದೆ ಮೂಲ ಯಾವುದು, ನಕಲು ಯಾವುದು ಎಂದು ಹೇಳಲಾಗದು ಎಂಬುದು ನನ್ನ ವಾದ.

ಮೊದಲು ಗಾಲಿಯ ವಿಷಯ. ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕರ್ಟಿಸ್ ವೀಡರ್ 1895ರಲ್ಲಿ ಸೈಕಲ್ಲಿಗೆ ಹಾಕುವ ಸೈಕ್ಲೋಮೀಟರನ್ನು ಮಾರುಕಟ್ಟೆಗೆ ತಂದ. ಅವನ ಕಂಪನಿಯೂ ರೂಟ್ ಎಂಬ ಕಂಪನಿಯೂ 1928ರಲ್ಲಿ ಒಂದಾದವು. ಸಾಲಾಗಿ ಕೂತ ಗಾಲಿಗಳು, ಒಂದೊಂದರ ಮೇಲೆ ಸೊನ್ನೆಯಿಂದ ಒಂಬತ್ತು; ಬಲಗಡೆಯದು ಒಂಬತ್ತರಿಂದ ಸೊನ್ನೆಗೆ ದಾಟುವಾಗ ಮಾತ್ರ ಅದರ ಅಂಚಿನ ಹಲ್ಲು ನಡುವಿನ ಪುಟ್ಟ ಪಿನಿಯನ್ನನ್ನು ತಳ್ಳಿ ಎಡಗಡೆಯದನ್ನು ಒಂದು ಮನೆ ಮುಂದೂಡುತ್ತದೆ. ದಶಕ ಹಾಯಿಸುವ ಈ ಕ್ರಮ ಇಂದಿಗೂ ಬದಲಾಗಿಲ್ಲ. ಇದಕ್ಕೆ ವಿದ್ಯುತ್ ಬೇಡ, ಬ್ಯಾಟರಿ ಬೇಡ. ವಿದ್ಯುತ್ ಹೋದರೂ ಲೆಕ್ಕ ಅಳಿಯದು.

ಗುಜರಾತಿನಲ್ಲಿ ಈ ಗಾಲಿ ಹೆಚ್ಚು ತಿರುಗಿದ್ದು ಅನಿಲದಿಂದಲ್ಲ, ಮಗ್ಗದಿಂದ. ಅಹಮದಾಬಾದಿನ ಮೊದಲ ಬಟ್ಟೆಗಿರಣಿ ರಣಛೋಡಲಾಲ್ ಛೋಟಾಲಾಲ್ ಅವರದು, 1861ರದು. ಗಿರಣಿ ಮಗ್ಗಗಳಲ್ಲೂ ಸೂರತ್ತಿನ ಪವರ್‌ಲೂಮುಗಳಲ್ಲೂ ಹೊಕ್ಕಿನ ಎಳೆಗಳನ್ನು ಎಣಿಸುವ ಪಿಕ್ ಕೌಂಟರಿನ ಮೇಲೆ ನೇಕಾರನ ಕೂಲಿ ನಿಂತಿತ್ತು. ಪಾಳಿಗೊಂದು ಗಾಲಿಸಾಲು ಇರುವ ಕೌಂಟರುಗಳೂ ಬಂದವು; ಪಾಳಿ ಬದಲಾದಾಗ ಹಿಡಿ ತಿರುಗಿಸಿದರೆ ಹಿಂದಿನವನ ಲೆಕ್ಕ ಅಲ್ಲೇ ನಿಂತು ಮುಂದಿನವನದು ಶುರು. ನಮ್ಮ ದೊಡ್ಡಬಳ್ಳಾಪುರದ ಮಗ್ಗದವರಿಗೂ ಈ ಲೆಕ್ಕ ಹೊಸದಲ್ಲ. ಕೂಲಿಯವನೂ ಮಾಲೀಕನೂ ಒಂದೇ ಕಿಟಕಿಯಲ್ಲಿ ಒಂದೇ ಅಂಕಿ ನೋಡುತ್ತಿದ್ದರೆಂಬುದು ಇಲ್ಲಿ ಮುಖ್ಯ. ಪಲ್ಸ್ ಎಣಿಕೆಯಲ್ಲಿ ಆ ಕಿಟಕಿ ಇರುವುದಿಲ್ಲ.

ರೀಡ್ ಸ್ವಿಚ್ಚು ಎಂದು ಕರೆಯುವ ಆ ಸ್ವಿಚ್ಚಿನ ಹುಟ್ಟು ದೂರವಾಣಿಯ ಲೋಕದಲ್ಲಿ. ಅಯಸ್ಕಾಂತದಿಂದ ಮುಚ್ಚುವ ಸಂಪರ್ಕದ ಯೋಚನೆಯನ್ನು 1922ರಲ್ಲೇ ಪೆಟ್ರೊಗ್ರಾಡಿನ ಪ್ರಾಧ್ಯಾಪಕ ಕೊವಲೆಂಕೊವ್ ಮುಂದಿಟ್ಟಿದ್ದ. ಗಾಜಿನ ಕೊಳವೆಯೊಳಗೆ ಮುಚ್ಚಿದ ಇಂದಿನ ರೂಪ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್‌ನದು. 1936ರಲ್ಲಿ ರೂಪಿಸಿದ ಅದಕ್ಕೆ 1941ರಲ್ಲಿ ಪೇಟೆಂಟ್ ಸಿಕ್ಕಿತು. ನಿಕ್ಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ಎರಡು ತೆಳು ನಾಲಿಗೆಗಳು, ತುದಿಗಳು ಒಂದರ ಮೇಲೊಂದು ಬರುವಂತೆ, ಆದರೆ ಕೂದಲೆಳೆಯಷ್ಟು ಅಂತರದಲ್ಲಿ. ತುದಿಗೆ ರೋಡಿಯಂ ಅಥವಾ ರುಥೀನಿಯಂ ಲೇಪ. ಒಳಗೆ ಸಾರಜನಕ, ಇಲ್ಲವೇ ನಿರ್ವಾತ. ಕಾದಾಗ ಗಾಜಿನಷ್ಟೇ ಹಿಗ್ಗುವ ಲೋಹವೆಂದೇ ಸುಮಾರು ಅರ್ಧ ಪಾಲು ನಿಕ್ಕಲ್ ಇರುವ ಈ ಮಿಶ್ರಲೋಹವನ್ನು ಆರಿಸಿದ್ದು. ಇಲ್ಲದಿದ್ದರೆ ಬೆಸೆದ ಕಡೆ ಗಾಜು ಬಿರಿಯುತ್ತಿತ್ತು. ಅಯಸ್ಕಾಂತ ಹತ್ತಿರ ಬಂದಾಗ ಎರಡು ತುದಿಗಳೂ ಎದುರುಬದುರು ಧ್ರುವಗಳಾಗಿ ಒಂದನ್ನೊಂದು ಸೆಳೆಯುತ್ತವೆ, ದೂರ ಸರಿದಾಗ ಲೋಹದ ಸ್ವಂತ ಬಿಗುವೇ ಅವನ್ನು ಬಿಡಿಸುತ್ತದೆ. ಕಾಯುವಾಗ ಇದಕ್ಕೆ ವಿದ್ಯುತ್ತೇ ಬೇಡ. ಇದರಂತೆಯೇ ಅಯಸ್ಕಾಂತವನ್ನು ಗುರುತಿಸುವ, 1879ರ ಹಾಲ್ ಪರಿಣಾಮವನ್ನು ಆಧರಿಸಿದ ಸಂವೇದಕಕ್ಕಾದರೆ ಕೊಂಚವಾದರೂ ವಿದ್ಯುತ್ತನ್ನು ಕೊಡುತ್ತಿರಬೇಕು. ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯಬೇಕಾದ ಮೀಟರಿನಲ್ಲಿ ರೀಡ್ ಸ್ವಿಚ್ಚು ಇಷ್ಟುಕಾಲ ಉಳಿದದ್ದು ಈ ಒಂದೇ ಗುಣದಿಂದ ಎಂದರೂ ತಪ್ಪಾಗದು.

ಈಗ ಮಂಜಲ್‌ಪುರದ ಗೋಡೆಯ ಮೀಟರಿಗೆ ಬರೋಣ. ಮನೆಬಳಕೆಯ ಡಯಾಫ್ರಮ್ ಮೀಟರಿನಲ್ಲಿ ಎರಡು ಪೊರೆಗಳು ನಾಲ್ಕು ಕೋಣೆಗಳನ್ನು ಸರದಿಯಲ್ಲಿ ತುಂಬಿ ಬರಿದು ಮಾಡುತ್ತವೆ. ಈ ಓಲಾಟ ತೋಳುಗಳ ಮೂಲಕ ತಿರುಗುವಿಕೆಯಾಗಿ ಗಾಲಿಸಾಲನ್ನು ತಲುಪುತ್ತದೆ. ಅಂಕಿಗಳಲ್ಲಿ ಕೊನೆಯ ಮೂರು ಘನಮೀಟರಿನ ದಶಮಾಂಶಗಳು. ತೀರ ಬಲಗಡೆಯ ಗಾಲಿಯ ಒಂದು ಅಂಕಿ ಎಂದರೆ ಒಂದು ಲೀಟರ್, ಒಂದು ಪೂರ್ಣ ಸುತ್ತು ಎಂದರೆ 10 ಲೀಟರ್. ಪಲ್ಸ್ ಸೌಲಭ್ಯವಿರುವ ಮಾದರಿಗಳಲ್ಲಿ ಆ ಗಾಲಿಯೊಳಗೆ ಪುಟ್ಟ ಅಯಸ್ಕಾಂತ ಕೂತಿರುತ್ತದೆ. ಮೀಟರಿನ ಹೊರಗಿಂದ ರೀಡ್ ಸ್ವಿಚ್ಚಿನ ಪೆಟ್ಟಿಗೆಯನ್ನು ಸಿಕ್ಕಿಸಬಹುದು. ಸುತ್ತಿಗೊಂದು ಮುಚ್ಚುವಿಕೆ, ಪಲ್ಸಿಗೆ 0.01 ಘನಮೀಟರ್.

ಸುಮಾರು 3 ಕಿಲೋವಾಟಿನ ಒಲೆ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 300 ಲೀಟರ್ ಅನಿಲ ಬೇಡುತ್ತದೆ, ಎಂದರೆ ಎರಡು ನಿಮಿಷಕ್ಕೊಂದು ಪಲ್ಸ್. ತಿಂಗಳಿಗೆ 15 ಘನಮೀಟರ್ ಉರಿಸುವ ಮನೆಯಲ್ಲಿ 1,500 ಪಲ್ಸ್. ಹತ್ತು ವರ್ಷಕ್ಕೆ 1,80,000. ಹಗುರ ಹೊರೆಯಲ್ಲಿ ರೀಡ್ ಸ್ವಿಚ್ಚು ಹತ್ತಾರು ಲಕ್ಷ ಸಲ ಮುಚ್ಚಿ ತೆರೆಯಬಲ್ಲದು. ಆದ್ದರಿಂದ ಸವೆತ ಇಲ್ಲಿ ದೊಡ್ಡ ಸಮಸ್ಯೆಯಲ್ಲ. ಸಮಸ್ಯೆ ಬರುವುದು ಬೇರೆ ಮೂರು ಕಡೆಯಿಂದ.

ಒಂದು, ಪುಟಿತ. ನಾಲಿಗೆಗಳು ಮುಚ್ಚುವಾಗ ಮಿಲಿಸೆಕೆಂಡಿನೊಳಗೆ ಹಲವು ಸಲ ತಾಕಿ ಬಿಡುತ್ತವೆ. ಇದನ್ನು ಸೋಸದ ಎಣಿಕೆಯ ಸಾಧನ ಒಂದನ್ನು ನಾಲ್ಕು ಎಂದು ಬರೆದುಕೊಳ್ಳುತ್ತದೆ. ಎರಡು, ಉದ್ದದ ತಂತಿ. ತಂತಿಯಲ್ಲಿ ಸಂಗ್ರಹವಾದ ವಿದ್ಯುತ್ತು ಮುಚ್ಚುವ ಕ್ಷಣದಲ್ಲಿ ಒಮ್ಮೆಲೇ ಹರಿದು ತುದಿಗಳನ್ನು ಬೆಸೆದುಬಿಡಬಹುದು. ಸಾಲಿನಲ್ಲಿ ಸಣ್ಣದೊಂದು ರೋಧಕ ಹಾಕಿದರೆ ತಪ್ಪುತ್ತದೆ, ಆದರೆ ಆ ಅಗ್ಗದ ರೋಧಕವನ್ನೇ ಮರೆಯುವವರು ಬಹಳ. ಮೂರನೆಯದು ಹೆಚ್ಚು ಕುತೂಹಲದ್ದು. ಒಲೆ ಆರಿಸಿದಾಗ ಗಾಲಿ ಸರಿಯಾಗಿ ಸ್ವಿಚ್ಚು ಮುಚ್ಚುವ ಅಂಚಿನಲ್ಲಿ ನಿಂತರೆ, ಕೊಳವೆಯ ಒತ್ತಡದ ಸಣ್ಣ ನಡುಕಕ್ಕೂ ಅದು ಹಿಂದುಮುಂದಾಗಿ ಇಲ್ಲದ ಬಳಕೆಗೆ ಪಲ್ಸ್ ಕೊಡಬಹುದು. ಮುಚ್ಚಲು ಬೇಕಾದ ಕಾಂತಬಲಕ್ಕಿಂತ ಬಿಡುವ ಮಟ್ಟ ಕೆಳಗಿರುವುದರಿಂದ ಈ ಅಪಾಯ ತಗ್ಗುತ್ತದೆ, ಪೂರಾ ಹೋಗುವುದಿಲ್ಲ. ಎರಡು ಸ್ವಿಚ್ಚುಗಳನ್ನು ಕೊಂಚ ಅಂತರದಲ್ಲಿಟ್ಟು ಯಾವುದು ಮೊದಲು ಮುಚ್ಚಿತು ಎಂದು ನೋಡಿದರೆ ತಿರುಗಿದ ದಿಕ್ಕೂ ತಿಳಿಯುತ್ತದೆ. ಅಯಸ್ಕಾಂತದ ನಿಲುವನ್ನೂ ನಿರ್ಲಕ್ಷಿಸುವಂತಿಲ್ಲ: ಅದು ಸ್ವಿಚ್ಚಿಗೆ ಸಮಾನಾಂತರವಾಗಿ ಉದ್ದಕ್ಕೂ ಹಾದುಹೋದರೆ, ಹತ್ತಿರ ಇಟ್ಟಿದ್ದಲ್ಲಿ, ಒಂದೇ ಹಾದಿಯಲ್ಲಿ ಮೂರು ಸಲ ಮುಚ್ಚುವುದುಂಟು.

ಈ ಮೂರೂ ದೋಷ ಪಲ್ಸಿನವು, ಗಾಲಿಯವಲ್ಲ. ಗ್ಯಾಸ್ ಮೀಟರಿನಲ್ಲಿ ಗಾಲಿ ಮೊದಲು ತಿರುಗುತ್ತದೆ, ಸ್ವಿಚ್ಚು ಅದನ್ನು ನೋಡಿ ಹೇಳುತ್ತದೆ. ಹೊರಗಿನಿಂದ ಯಾರಾದರೂ ಬಲವಾದ ಅಯಸ್ಕಾಂತ ಅಂಟಿಸಿದರೆ ಸ್ವಿಚ್ಚು ಮುಚ್ಚಿದ್ದು ಮುಚ್ಚಿದಂತೆಯೇ ಇದ್ದು ಪಲ್ಸ್ ನಿಂತುಹೋಗುತ್ತದೆ, ಗಾಲಿ ಮಾತ್ರ ತನ್ನ ಪಾಡಿಗೆ ನಡೆಯುತ್ತದೆ. ಎರಡು ಲೆಕ್ಕಗಳ ನಡುವಿನ ಅಂತರವೇ ಸಾಕ್ಷಿ. ಬರೀ ಕಾಂತಕ್ಷೇತ್ರ ಗುರುತಿಸಲೆಂದೇ ಇನ್ನೊಂದು ರೀಡ್ ಸ್ವಿಚ್ಚನ್ನು ಅದೇ ಪೆಟ್ಟಿಗೆಯಲ್ಲಿಡುವ ಪದ್ಧತಿಯೂ ಇದೆ. ಅಂಥ ಕಡೆ ಬಿಲ್ಲಿನ ಜಗಳ ಬಂದರೆ ಗಾಲಿಯ ಅಂಕಿಯೇ ಮೂಲ; ಇದರಲ್ಲಿ ನನಗೆ ಸಂದೇಹವಿಲ್ಲ.

ನೀರಿನ ಮೀಟರಿನಲ್ಲಿ ಕ್ರಮ ಬೇರೆ. ಒಣ ಮುಖದ ಮೀಟರುಗಳಲ್ಲಿ ನೀರಿನೊಳಗಿನ ಚಕ್ರಕ್ಕೂ ಮೇಲಿನ ಗಾಲಿಸಾಲಿಗೂ ನಡುವೆ ಮುಚ್ಚಿದ ತಟ್ಟೆಯಿದ್ದು, ತಿರುಗುವಿಕೆ ದಾಟುವುದೇ ಒಂದು ಜೊತೆ ಅಯಸ್ಕಾಂತಗಳಿಂದ. ಇಲ್ಲಿ ಅಯಸ್ಕಾಂತ ಗಾಲಿಗಿಂತ ಮೊದಲು ನಿಂತಿದೆ. ರಕ್ಷಾಕವಚ ಸರಿಯಿಲ್ಲದ ಮೀಟರಿಗೆ ಹೊರಗಿನ ಅಯಸ್ಕಾಂತ ಒಡ್ಡಿದರೆ ಆ ಜೋಡಿಯೇ ಕಳಚಿ, ನೀರು ಹರಿದರೂ ಗಾಲಿ ಚಲಿಸುವುದಿಲ್ಲ. ಪಲ್ಸೂ ಇಲ್ಲ, ಗಾಲಿಯೂ ಇಲ್ಲ. ಎರಡು ಲೆಕ್ಕ ಒಂದೇ ಸುಳ್ಳು ಹೇಳುತ್ತವೆ, ಅಂತರವೇ ಇಲ್ಲದಿದ್ದ ಮೇಲೆ ಸಾಕ್ಷಿ ಎಲ್ಲಿಂದ? ಗಾಲಿಯನ್ನು ಕಣ್ಣುಮುಚ್ಚಿ ನಂಬುವವರಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ದಿನಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಕೊಳವೆ ತುಂಬುವ ಮುನ್ನ ನುಗ್ಗುವ ಗಾಳಿ ಕೂಡ ಚಕ್ರವನ್ನು ತಿರುಗಿಸುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 2008ರಲ್ಲಿ ಶುರುವಾದ ನಿರಂತರ ನೀರಿನ ಯೋಜನೆಗೆ ಮೀಟರಿನ ದೃಷ್ಟಿಯಿಂದ ಒಂದು ಹೆಚ್ಚಿನ ಅರ್ಥವಿದೆ: ಕೊಳವೆ ಸದಾ ತುಂಬಿರುವ ಕಡೆ ಮಾತ್ರ ಗಾಲಿ ನೀರನ್ನಷ್ಟೇ ಎಣಿಸುತ್ತದೆ.

ವಿದ್ಯುತ್ ಮೀಟರಿನಲ್ಲಿ ಕ್ರಮ ಪೂರ್ತಿ ತಲೆಕೆಳಗು. ತಟ್ಟೆ ತಿರುಗುವ ಹಳೆಯ ಮೀಟರು ಹೋಗಿ ವಿದ್ಯುನ್ಮಾನ ಮೀಟರು ಬಂದ ಮೊದಲ ವರ್ಷಗಳಲ್ಲಿ ಅನೇಕ ಮಾದರಿಗಳು ಅಂಕಿ ತೋರಿಸಲು ಗಾಲಿಸಾಲನ್ನೇ ಇಟ್ಟುಕೊಂಡವು. ಆದರೆ ಗಾಲಿಯನ್ನು ನೂಕುತ್ತಿದ್ದದ್ದು ಪಲ್ಸಿನಿಂದ ನಡೆಯುವ ಪುಟ್ಟ ಸ್ಟೆಪ್ಪರ್ ಮೋಟಾರು. ಲೆಕ್ಕ ಮೊದಲು, ಗಾಲಿ ಆಮೇಲೆ. ಇಲ್ಲಿ ಅಯಸ್ಕಾಂತ ಒಡ್ಡಿದರೆ ಮೋಟಾರು ತಡವರಿಸಿ ನಿಲ್ಲುತ್ತದೆ. ಒಳಗಿನ ಲೆಕ್ಕ ಸರಿಯಿದ್ದರೂ ಕಿಟಕಿಯ ಅಂಕಿ ಹಿಂದೆ ಬೀಳುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ಕಂಡುಹಿಡಿದ ನಿಯೋಡಿಮಿಯಂ ಅಯಸ್ಕಾಂತ ಅಂಗಡಿಯಲ್ಲಿ ಅಗ್ಗವಾಗಿ ಸಿಗತೊಡಗಿದ ಮೇಲೆ, ಫೆರೈಟ್ ಅಯಸ್ಕಾಂತದ ಬಲವನ್ನಷ್ಟೇ ಮನಸ್ಸಿನಲ್ಲಿಟ್ಟು ರಚಿಸಿದ ಮೀಟರುಗಳೆಲ್ಲ ಒಮ್ಮೆಗೇ ದುರ್ಬಲವಾದವು. ನಮ್ಮ ದೇಶದ ಮೀಟರು ನಿರ್ದಿಷ್ಟತೆಗಳಲ್ಲಿ ಕಾಂತಕ್ಷೇತ್ರದ ಪರೀಕ್ಷೆ ಇಷ್ಟು ಬಿಗಿಯಾದದ್ದಕ್ಕೆ ಕಾರಣ ಇದೇ. ಮೀಟರು ಅಯಸ್ಕಾಂತಕ್ಕೆ ಮಣಿಯಬಾರದು. ಮಣಿದರೆ ಗರಿಷ್ಠ ವಿದ್ಯುತ್ ಪ್ರವಾಹ ಹರಿಯುತ್ತಿದೆ ಎಂದೇ ಲೆಕ್ಕ ಬರೆದುಕೊಳ್ಳಬೇಕು ಎಂಬ ನಿಯಮ ಬಂತು. ಕಳ್ಳತನ ಮಾಡಿದವನ ಬಿಲ್ಲು ಏರುತ್ತದೆ. ತಂತ್ರಜ್ಞಾನದಲ್ಲಿ ಇಷ್ಟು ನೇರವಾದ ದಂಡ ಅಪರೂಪ.

2024ರ ಮೇ ತಿಂಗಳಲ್ಲಿ ವಡೋದರಾದ ಜನ ಪ್ರೀಪೇಯ್ಡ್ ಸ್ಮಾರ್ಟ್ ಮೀಟರುಗಳ ವಿರುದ್ಧ ಪ್ರತಿಭಟಿಸಿದಾಗ, ಹೊಸ ಮೀಟರಿನ ಜೊತೆಗೇ ಹಳೆಯ ಮೀಟರನ್ನೂ ಇಟ್ಟು ತಾಳೆ ನೋಡುವ ಮಾತು ಬಂತು. ಹಳೆಯದೂ ಬಹುತೇಕ ವಿದ್ಯುನ್ಮಾನದ್ದೇ ಆದ್ದರಿಂದ ಇದನ್ನು ಗಾಲಿ ಮತ್ತು ಚಿಪ್ಪಿನ ಜಗಳ ಎನ್ನಲಾಗದು. ಜನ ಕೇಳಿದ್ದು ಎರಡನೆಯ ಲೆಕ್ಕವನ್ನು, ಅಷ್ಟೇ. ಆ ಬೇಡಿಕೆ ಅಳತೆಯ ಶಾಸ್ತ್ರಕ್ಕೆ ಒಪ್ಪುವಂಥದ್ದೇ, ಎರಡೂ ಒಂದೇ ಪಲ್ಸಿನ ಮಕ್ಕಳಲ್ಲದಿದ್ದರೆ.

ಎರಡನೆಯ ಲೆಕ್ಕವೇ ಇಲ್ಲದ ಸಾಧನ ಕರ್ನಾಟಕದಲ್ಲಿ ಪಂಚಾಯಿತಿಗೊಂದರಂತೆ ನಿಂತಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸುಮಾರು 6,500 ದೂರಸಂವೇದಿ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಪಡೆಯುತ್ತದೆ. ಇಂಥ ಮಾಪಕಗಳ ಸಾಮಾನ್ಯ ರಚನೆ ಉರುಳು ಬಟ್ಟಲಿನದು: ಎರಡು ಬಟ್ಟಲುಗಳ ತೂಗುಯ್ಯಾಲೆ, ಒಂದು ತುಂಬಿದೊಡನೆ ಉರುಳಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಉರುಳುವಾಗ ಅದರ ಮೇಲಿನ ಅಯಸ್ಕಾಂತ ರೀಡ್ ಸ್ವಿಚ್ಚಿನ ಎದುರು ಹಾಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಕ್ರಿಸ್ಟೊಫರ್ ರೆನ್ ಮತ್ತು ರಾಬರ್ಟ್ ಹುಕ್ ಯೋಚಿಸಿದ ಯಂತ್ರವಿದು. ಹುಕ್‌ನ ಯಂತ್ರ ಪ್ರತಿ ಉರುಳಿಗೂ ಕಾಗದದ ಪಟ್ಟಿಗೆ ತೂತು ಹೊಡೆಯುತ್ತಿತ್ತು. ಆ ಕಾಗದದ ಪಟ್ಟಿಯ ಜಾಗದಲ್ಲಿ ಈಗ ಸ್ವಿಚ್ಚಿದೆ, ಗಾಲಿ ಎಂಬುದು ಇಲ್ಲವೇ ಇಲ್ಲ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪಂಚಾಯಿತಿಯ ಮಾಪಕದ ಅಂಕಿಯೇ ಪರಿಹಾರವನ್ನು ನಿರ್ಧರಿಸುತ್ತದೆ. ಹಾಗಿರುವಾಗ ಆಲಿಕೆಯಲ್ಲಿ ಒಂದು ಎಲೆ ಸಿಕ್ಕಿಕೊಂಡರೆ, ಕಣಜ ಒಳಗೆ ಮಣ್ಣಿನ ಗೂಡು ಕಟ್ಟಿದರೆ, ಸ್ವಿಚ್ಚಿನ ತುದಿಗಳು ಅಂಟಿಕೊಂಡರೆ ಬರುವ ಅಂಕಿ ಸೊನ್ನೆ. ಮಳೆ ಬಾರದ ದಿನದ ಸೊನ್ನೆಗೂ ಇದಕ್ಕೂ ಕಚೇರಿಯಲ್ಲಿ ವ್ಯತ್ಯಾಸ ಕಾಣದು. ಬಿರುಮಳೆಯಲ್ಲಿ ಮತ್ತೊಂದು ದೋಷ. ಉರುಳಿಗೆ 0.2 ಮಿಲಿಮೀಟರಿನ ಮಾಪಕದಲ್ಲಿ ಗಂಟೆಗೆ 100 ಮಿಲಿಮೀಟರಿನ ಮಳೆ ಹೊಡೆದರೆ ಏಳು ಸೆಕೆಂಡಿಗೊಮ್ಮೆ ಬಟ್ಟಲು ಉರುಳಬೇಕು, ಉರುಳುತ್ತಿರುವಾಗಲೂ ನೀರು ತುಂಬಿದ ಬಟ್ಟಲಿಗೇ ಬೀಳುತ್ತಿರುತ್ತದೆ. ಹೀಗಾಗಿ ಜೋರು ಮಳೆಯನ್ನು ಈ ಯಂತ್ರ ಕಡಿಮೆ ಎಣಿಸುತ್ತದೆ. ಆಗುಂಬೆಯಂಥ ಕಡೆ ಇದು ಸಣ್ಣ ವಿಷಯವಲ್ಲ.

ಗ್ಯಾಸ್ ಮೀಟರಿನಲ್ಲಿ ಗಾಲಿ ಮಾಡುವ ಕೆಲಸವನ್ನು ಇಲ್ಲಿ ನೀರಿನಿಂದಲೇ ಮಾಡಿಸಬಹುದು. ಉರುಳಿದ ನೀರನ್ನು ನೆಲಕ್ಕೆ ಬಿಡದೆ ಕೆಳಗೊಂದು ಮುಚ್ಚಿದ ಡಬ್ಬಿಯಲ್ಲಿ ಹಿಡಿದಿಟ್ಟರೆ ಅದೇ ಮೂಲ ದಾಖಲೆ, ಪಲ್ಸು ನಕಲು. 200 ಮಿಲಿಮೀಟರ್ ವ್ಯಾಸದ ಆಲಿಕೆಯಾದರೆ ಒಂದು ಲೀಟರ್ ನೀರು ಸುಮಾರು 32 ಮಿಲಿಮೀಟರ್ ಮಳೆಗೆ, 0.2ರ ಬಟ್ಟಲಿನಲ್ಲಿ 159 ಉರುಳಿಗೆ ಸಮ. ಡಬ್ಬಿಯಲ್ಲಿ ಒಂದು ಲೀಟರಿದ್ದು ಕಚೇರಿಯ ಲೆಕ್ಕ 140 ಉರುಳು ಎಂದರೆ ತಪ್ಪಿರುವುದು ಬಟ್ಟಲಿನಲ್ಲೋ ಸ್ವಿಚ್ಚಿನಲ್ಲೋ. ಡಬ್ಬಿಯೂ ಲೆಕ್ಕವೂ ಸಮವಾಗಿ ಕಡಿಮೆಯಾಗಿ ಅಕ್ಕಪಕ್ಕದ ಪಂಚಾಯಿತಿಗಳಲ್ಲಿ ಮಳೆ ಸುರಿದಿದ್ದರೆ ಮೊದಲು ನೋಡಬೇಕಾದ್ದು ಆಲಿಕೆಯ ಬಾಯಿ.